ನಾಯಿಯ ಸಂಗಡ ಓಣಿಯ ಚರಿತ್ರೆ

ನಮ್ಮ ಕಡೆಯ ಊರುಗಳಲ್ಲಿ ಕೆಲಸವಿಲ್ಲದೆ ನಡೆಯುವವನನ್ನು ಜನ ಸುಲಭವಾಗಿ ನಂಬುವುದಿಲ್ಲ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತ ಹಿರಿಯರು ‘ಎತ್ತಾಗ ಹೊಂಟೀರಿ?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಸೌಜನ್ಯವೇ ಹೆಚ್ಚೆಂಬುದು ನಿಜ. ಆದರೂ ಉತ್ತರವನ್ನಂತೂ ಕೊಡಬೇಕಾಗುತ್ತದೆ. ‘ಓಣಿ ನೋಡಲು ಹೊರಟಿದ್ದೇನೆ’ ಎಂದರೆ, ಹುಟ್ಟಿದಂದಿನಿಂದ ಕಂಡ ಓಣಿಯಲ್ಲಿ ನೋಡುವುದೇನಿದೆ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಕೈಯಲ್ಲಿ ನಾಯಿಯ ಹಗ್ಗವೊಂದಿದ್ದರೆ ಈ ತೊಡಕು ತಾನಾಗಿಯೇ ಬಗೆಹರಿಯುತ್ತದೆ. ನಾಯಿಗೆ ತಿರುಗಾಟ ಬೇಕು, ಅದರ ಹಿಂದೆ ಯಜಮಾನನೂ ತಿರುಗುತ್ತಾನೆ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಯಾವ ಸಂದಿಯಲ್ಲಿ ನಿಂತರೂ, ಯಾವ ಹಾಳುಗೋಡೆಯ ಎದುರು ಹತ್ತು ನಿಮಿಷ ಕಾದರೂ ತಪ್ಪು ನಾಯಿಯದೇ.

ಬಾಗಲಕೋಟೆಯಲ್ಲಿ ನೆಲೆಸಿ, ಬಾದಾಮಿ, ಹುನಗುಂದ, ಇಳಕಲ್ಲುಗಳ ಬಳಗದವರ ಮನೆಗಳಿಗೆ ಹೋಗಿ ಬಂದು ಮಾಡುವಾಗ, ಹಲವು ವರ್ಷಗಳಿಂದ ಈ ಅನುಕೂಲವನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ನನ್ನದು ಯಾವ ಜಾತಿಗೂ ಸೇರದ ಕಂದುಬಣ್ಣದ ಬೀದಿನಾಯಿ. ಅದಕ್ಕೆ ದೊಡ್ಡ ರಸ್ತೆಯಲ್ಲಿ ಆಸಕ್ತಿಯಿಲ್ಲ. ಗೋಡೆಯ ಬುಡ, ಓಣಿಯ ಮೂಲೆ, ಹಾಳುಬಾವಿಯ ದಂಡೆ, ಬಿದ್ದ ಮನೆಯ ಹೊಸ್ತಿಲು ಇವೇ ಅದಕ್ಕೆ ಪ್ರಿಯವಾದ ತಾಣಗಳು. ವಿಚಿತ್ರವೆಂದರೆ, ಚರಿತ್ರೆಯ ಅಳಿದುಳಿದ ಚೂರುಗಳೂ ಇಂಥ ಎಡೆಗಳಲ್ಲಿಯೇ ಹೆಚ್ಚಾಗಿ ಸಿಕ್ಕುತ್ತವೆ. ಹಳೆಯ ಗುಡಿಯ ಕಂಬ ಯಾರದೋ ಮನೆಯ ಮೆಟ್ಟಿಲಾಗಿರುತ್ತದೆ. ಅಗಸಿಯ ಬದಿಗೆ ಕೆಮ್ಮಣ್ಣಿನಲ್ಲಿ ಅರ್ಧ ಹೂತ ವೀರಗಲ್ಲು ನಿಂತಿರುತ್ತದೆ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಹೆಗಲೇರಿದ ವೀರ, ಮೇಲೆ ಲಿಂಗದ ಸನ್ನಿಧಿ. ಓಣಿಯ ನಡುವೆಯೇ ಚಪ್ಪಡಿ ಮುಚ್ಚಿದ ಹಗೇವಿನ ಬಾಯಿ ಇರುತ್ತದೆ. ಜೋಳವನ್ನು ನೆಲದೊಳಗೆ ವರ್ಷಗಟ್ಟಲೆ ಕಾಯ್ದಿರಿಸುತ್ತಿದ್ದ ಆ ಹಗೇವನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗುವ ತನಕ ಕಾದು ಇಳಿಯುತ್ತಿದ್ದರು. ಇಂದಿನ ಮಕ್ಕಳು ಅದರ ಚಪ್ಪಡಿಯ ಮೇಲೆ ಗೋಲಿ ಆಡುತ್ತಾರೆ.

ನಿಂತ ಕಲ್ಲನ್ನು ಕಂಡಾಗ ನಾಯಿಗಳು ಸಲ್ಲಿಸುವ ಗೌರವ ಯಾವ ಬಗೆಯದೆಂಬುದು ಕೇಳುಗರಿಗೆ ಗೊತ್ತಿರುವ ಸಂಗತಿ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರಗಲ್ಲುಗಳ ಹತ್ತಿರ ಹಗ್ಗವನ್ನು ಬಿಗಿಹಿಡಿದು ಎಳೆಯುವಾಗಲೆಲ್ಲ ನನಗೆ ನೆನಪಾಗುವುದು ಮಂಡ್ಯ ಸೀಮೆಯ ಆತಕೂರಿನ ಕಲ್ಲು. ನಾಯಿಯೊಂದಕ್ಕೆ ಮನುಷ್ಯರು ಗೌರವ ಸಲ್ಲಿಸಿ ನೆಟ್ಟ ಕಲ್ಲು ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಮೈದುನ ಗಂಗ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದರು. ಆ ಕಾಳಗದಲ್ಲಿ ಕೆಚ್ಚಿನಿಂದ ಕಾದಿದ ಮಣಲೆರನೆಂಬ ಬಂಟನಿಗೆ ‘ಬೇಕಾದುದನ್ನು ಬೇಡು’ ಎಂದು ಬೂತುಗ ಹೇಳಿದಾಗ, ಆತ ಕೇಳಿದ್ದು ಒಡೆಯನ ಬೇಟೆನಾಯಿ ಕಾಳಿಯನ್ನು. ಊರನ್ನಲ್ಲ, ಉಂಬಳಿಯನ್ನಲ್ಲ, ನಾಯಿಯನ್ನು! ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕೂಡಿಯೇ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರದ ಎದುರಿಗೆ ಕಲ್ಲು ನೆಟ್ಟು, ಭೂಮಿಯನ್ನು ದತ್ತಿಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗೊರವನು ಉಣಬಾರದೆಂದು ಕಟ್ಟಳೆ ಮಾಡಿದರು. ಹಂದಿಯೊಡನೆ ಸೆಣಸುವ ನಾಯಿಯ ಚಿತ್ರವೂ ಆ ಕಲ್ಲಿನಲ್ಲಿದೆ. ಕಲ್ಲನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

ಈ ಶಾಸನದ ಕಾಲ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಆಗಿನ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ ಮಹಾಕವಿ ರನ್ನ ಹುಟ್ಟಿದ್ದೂ ಸೌಮ್ಯ ಸಂವತ್ಸರದಲ್ಲಿಯೇ ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಕನ್ನಡ ನಾಡಿನ ತೆಂಕಣ ತುದಿಯಲ್ಲಿ ಒಂದು ನಾಯಿಯ ಹೆಸರು ಕಲ್ಲಿಗೇರಿದ ವರ್ಷವೇ ಬಡಗಣ ಊರೊಂದರಲ್ಲಿ ಗದಾಯುದ್ಧದ ಕವಿ ಕಣ್ಣು ತೆರೆದ. ಇದು ಬರಿಯ ಕಾಕತಾಳೀಯ. ಅದಕ್ಕೆ ಹೆಚ್ಚಿನ ಅರ್ಥವನ್ನು ಹಚ್ಚಬೇಕಾಗಿಲ್ಲ. ಆದರೆ ಮುಧೋಳದ ಹೆಸರನ್ನು ಇಂದು ಲೋಕ ಬಲ್ಲದ್ದು ರನ್ನನಿಂದಲೋ ನಾಯಿಯಿಂದಲೋ ಎಂದು ಕೇಳಿದರೆ, ಸಾಹಿತ್ಯಪ್ರಿಯರಾದ ನಮಗೆ ತುಸು ಇರಿಸುಮುರಿಸಾಗುವ ಉತ್ತರವೇ ಸಿಕ್ಕೀತು.

ಮುಧೋಳದ ನಾಯಿ ನೀಳಕಾಲಿನ, ಸಣ್ಣ ನಡುವಿನ, ಕಣ್ಣಿನ ಬಲದಿಂದ ಬೇಟೆಯಾಡುವ ಜಾತಿಯದು. ಮೂಗಿಗಿಂತ ನೋಟವನ್ನು ನಂಬಿ ಓಡುವ ಇಂಥ ನಾಯಿಗಳು ಪಶ್ಚಿಮ ಏಷ್ಯಾದಿಂದ ಬಂದ ಸೈನಿಕರ ಜೊತೆಯಲ್ಲಿ ದಖನ್ನಿಗೆ ಬಂದುವೆಂದು ನಂಬಿಕೆ. ಸಂಸ್ಥಾನದ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಅಕ್ಕರೆಯಿಂದ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ಊರಿನ ಹೆಸರು ನಾಯಿಗೆ ಅಂಟಿಕೊಂಡದ್ದು ಹೀಗೆ ಎನ್ನುತ್ತಾರೆ. ಇದು ನಡೆದದ್ದು 1937ರಲ್ಲಿ ಎಂದು ಬರೆಯುವವರಿದ್ದಾರೆ. ಐದನೆಯ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ಸತ್ತ ದೊರೆಗೆ ನಾಯಿ ಕೊಟ್ಟವರಿಲ್ಲ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿಯ ಸಂಶೋಧನೆಗೊಂದು ಕೇಂದ್ರವಿದೆ. ಸೇನೆಯೂ ಈ ನಾಯಿಗಳನ್ನು ಪಳಗಿಸಲು ತೆಗೆದುಕೊಂಡಿತು.

ಅರಮನೆಯ ಹೆಸರು ಹೇಳಿ ಬೇಟೆಗಾರರ ಹೆಸರು ಬಿಟ್ಟರೆ ಈ ಕಥೆ ಅರ್ಧವೇ ಆಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಬೇಟೆಯೇ ಬದುಕಾಗಿದ್ದ ಬೇಡರಿದ್ದರು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು, 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ತಂದಾಗ, ಒಪ್ಪಿಸಲಾರೆವೆಂದು ಎದ್ದು ನಿಂತರು; ಆ ವರ್ಷದ ನವೆಂಬರಿನ ಕೊನೆಯಲ್ಲಿ ಊರು ಸುಟ್ಟುಹೋಯಿತು. ಆ ಕದನವನ್ನು ಕುರಿತು ಜನ ಕಟ್ಟಿದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವರು ಮುಂಬಯಿ ಸರಕಾರದ ಅಧಿಕಾರಿ ಜಾನ್ ಫೇಥ್‌ಫುಲ್ ಫ್ಲೀಟ್. ಆತಕೂರಿನ ಕಾಳಿಯ ಶಾಸನವನ್ನು ಸಂಪಾದಿಸಿದವರೂ ಅವರೇ. ಬಾದಾಮಿ, ಐಹೊಳೆಗಳ ಶಾಸನಗಳನ್ನು ಪ್ರಕಟಿಸಿದವರೂ ಅವರೇ. ತಮ್ಮದೇ ಸರಕಾರ ಸುಟ್ಟ ಹಳ್ಳಿಯ ಹಾಡನ್ನು ಇಷ್ಟು ಆಸ್ಥೆಯಿಂದ ಬರೆದಿಟ್ಟುಕೊಂಡ ಆ ಅಧಿಕಾರಿಯ ಮನಸ್ಸು ಎಂಥದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬಾದಾಮಿಯಲ್ಲಿ ನಾಯಿಯನ್ನು ಕರೆದುಕೊಂಡು ಸಂಜೆ ತಿರುಗುವುದು ಸುಲಭದ ಮಾತಲ್ಲ. ಅಲ್ಲಿ ನಡೆಯುವುದು ಮಂಗಗಳ ರಾಜ್ಯ. ಬೀದಿನಾಯಿಗೆ ಅಲ್ಲಿ ಪ್ರಜೆಯ ಸ್ಥಾನವೂ ಇಲ್ಲ. ಪ್ರವಾಸಿಗರು ಬಂದು, ಗುಹೆಗಳ ಮೆಟ್ಟಿಲು ಹತ್ತಿ, ಮಂಗಳೇಶನು 578ರಲ್ಲಿ ಪೂರೈಸಿದ ಮೂರನೆಯ ಗುಹೆಯ ವೈಭವವನ್ನು ಕಂಡು, ಅಗಸ್ತ್ಯತೀರ್ಥದ ದಂಡೆಯಲ್ಲಿ ಚಿತ್ರ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಅವರು ಕಾಣುವುದು ಬಂಡೆಯ ಬಾದಾಮಿಯನ್ನು. ಓಣಿಯ ಬಾದಾಮಿ ಬೇರೆಯೇ ಇದೆ. ಬೆನ್ನಿಗೆ ಬೆನ್ನು ತಾಗಿಸಿ ನಿಂತ ಮಾಳಿಗೆ ಮನೆಗಳ ನಡುವೆ, ಬಟ್ಟೆ ಒಣಗಿಸುವ ಹಗ್ಗಗಳ ಕೆಳಗೆ ತಲೆಬಾಗಿಸಿ ಸಾಗಿದರೆ, ಜಂಬುಲಿಂಗನ ಗುಡಿ ಎದುರಾಗುತ್ತದೆ. ವಿಜಯಾದಿತ್ಯ ಚಾಲುಕ್ಯನ ತಾಯಿ ವಿನಯವತಿ 699ರಲ್ಲಿ ವಾತಾಪಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದಳೆಂದು ಅಲ್ಲಿನ ಶಾಸನ ಸಾರುತ್ತದೆ. ಮೂರು ದೇವರಿಗೆ ಮೂರು ಗರ್ಭಗುಡಿ. ನಡುವೆ ಒಂದೇ ಮಂಟಪ. ರಾಜಮಾತೆಯೊಬ್ಬಳು ಕಟ್ಟಿಸಿದ ಈ ಗುಡಿ ಹದಿಮೂರು ಶತಮಾನ ಊರಿನ ಮನೆಗಳ ನಡುವೆ ನೆರೆಯವರಂತೆ ಬದುಕಿದೆ. ಅದನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ನೆರೆಮನೆಯ ಎಮ್ಮೆಯನ್ನು ಬಳಸಿ ಹೋದರೆ ಸಾಕು.

ಕೆರೆಯ ಆಚೆ ತಟ್ಟುಕೋಟಿಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ್ದೆಂದು ವಿದ್ವಾಂಸರು ಹೇಳುವ ಈ ಬರಹದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳು ಉಳಿದಿವೆ. ಈ ಅರಭಟ್ಟ ರಾಜನೆ, ಸಾಮಂತನೆ, ಊರ ಬಂಟನೆ? ಶಾಸನ ಅವನ ವಂಶವನ್ನು ಹೇಳುವುದಿಲ್ಲ, ಕಾಳಗವನ್ನು ಹೇಳುವುದಿಲ್ಲ, ದಾನವನ್ನು ಹೇಳುವುದಿಲ್ಲ. ಆತನ ಸ್ವಭಾವವನ್ನು ಹೇಳುತ್ತದೆ. ಬಾದಾಮಿಯ ಬಂಡೆಗಳು ದೊರೆಗಳ ಬರಹದಿಂದ ತುಂಬಿವೆ. ಮೊದಲನೆಯ ಪುಲಕೇಶಿ 543ರಲ್ಲಿ ಕೋಟೆಯನ್ನು ಕಟ್ಟಿದ್ದನ್ನು ಬರೆಸಿದ. ನೂರು ವರ್ಷದ ತರುವಾಯ ಊರನ್ನು ಗೆದ್ದು ಸುಲಿದ ಪಲ್ಲವ ನರಸಿಂಹವರ್ಮನೂ ತನ್ನ ಗೆಲುವನ್ನು ಇಲ್ಲಿಯ ಬಂಡೆಯ ಮೇಲೆಯೇ ಬರೆಸಿ ಹೋದ. ಆದರೆ ಆ ದೊರೆಗಳು ಬಳಸಿದ ಸಂಸ್ಕೃತ ಇಂದು ಓಣಿಯಲ್ಲಿ ಯಾರ ಬಾಯಲ್ಲೂ ಇಲ್ಲ. ಅರಭಟ್ಟನ ತ್ರಿಪದಿಯ ಲಯವಾದರೋ, ಬೀಸುವ ಕಲ್ಲುಗಳು ಮೂಲೆ ಸೇರುವ ತನಕ ಇಲ್ಲಿಯ ಹೆಣ್ಣುಮಕ್ಕಳ ಬಾಯಲ್ಲಿ ಬೆಳಗಿನ ಜಾವದಲ್ಲಿ ಹರಿಯುತ್ತಲೇ ಇತ್ತು. ನಮ್ಮ ಅಜ್ಜಿಯರು ಜೋಳ ಬೀಸುತ್ತ ಹಾಡಿದ್ದು ಬಂಡೆಯ ಮೇಲಿನ ಅದೇ ಛಂದಸ್ಸನ್ನು. ಬಂಡೆಯ ಮೇಲಿನ ಬರಹ ಇದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

ಹುನಗುಂದ ತಾಲೂಕಿನ ಐಹೊಳೆಗೆ ಬಂದರೆ ಓಣಿಗೂ ಗುಡಿಗೂ ಇದ್ದ ಈ ನೆರೆತನ ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಕಾಣುತ್ತದೆ. ಐಹೊಳೆಯೆಂದೊಡನೆ ನಾವು ಮೇಗುತಿಯ 634ರ ಶಾಸನವನ್ನೂ, ಅದರಲ್ಲಿ ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ ರವಿಕೀರ್ತಿಯನ್ನೂ, ನಾಡುನಾಡುಗಳಲ್ಲಿ ವ್ಯಾಪಾರ ನಡೆಸಿದ ಅಯ್ಯಾವೊಳೆಯ ಐನೂರ್ವರನ್ನೂ ನೆನೆಯುತ್ತೇವೆ. ಇವೆಲ್ಲ ಪಠ್ಯಪುಸ್ತಕದಲ್ಲಿವೆ, ಇಲ್ಲಿ ಬೆಳೆಸಬೇಕಾಗಿಲ್ಲ. ನನ್ನ ಗಮನ ಹರಿಯುವುದು ಅಲ್ಲಿಯ ಗುಡಿಗಳ ಹೆಸರಿನ ಕಡೆಗೆ. ಲಾಡಖಾನನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಹುಚ್ಚಿಮಲ್ಲಿಯ ಗುಡಿ. ಇವುಗಳಲ್ಲಿ ದೇವರ ಹೆಸರು ಎಲ್ಲಿದೆ? ಇದು ದೇವಸ್ಥಾನಗಳ ಪಟ್ಟಿಯೆಂದು ಹೇಳದಿದ್ದರೆ, ಓಣಿಯೊಂದರ ಮನೆಗಳ ಪಟ್ಟಿಯೆಂದೇ ಕೇಳಿದವರು ತಿಳಿದಾರು. ಗೌಡನಿದ್ದಾನೆ, ಬಡಿಗನಿದ್ದಾನೆ, ಮಲಪ್ರಭೆಯನ್ನು ದಾಟಿಸುವ ಅಂಬಿಗನಿದ್ದಾನೆ.

ಕಾರಣ ಸರಳವಾದುದು. ಪೂಜೆ ನಿಂತುಹೋದ ಗುಡಿಗಳಲ್ಲಿ ಶತಮಾನಗಳ ಕಾಲ ಜನ ಒಕ್ಕಲಾಗಿದ್ದರು. ಹೊರಗೋಡೆಗೆ ಆತು ದನದ ಕೊಟ್ಟಿಗೆ ಇರುತ್ತಿತ್ತು. ಮಂಟಪದಲ್ಲಿ ಒಲೆ ಹೊತ್ತುತ್ತಿತ್ತು. ಗರ್ಭಗುಡಿಯಲ್ಲಿ ಕಾಳಿನ ಚೀಲ. ಲಾಡಖಾನನೆಂಬ ಮುಸಲ್ಮಾನ ಗೃಹಸ್ಥ ಸಂಸಾರ ಹೂಡಿದ್ದ ಗುಡಿಗೆ ಅವನ ಹೆಸರೇ ನಿಂತಿತು; ಇಂದು ಭಾರತೀಯ ವಾಸ್ತುಶಿಲ್ಪದ ಯಾವ ಪುಸ್ತಕವನ್ನು ತೆರೆದರೂ ಆ ಹೆಸರು ಇದ್ದೇ ಇರುತ್ತದೆ. ಕಟ್ಟಿಸಿದ ದೊರೆಯ ಹೆಸರನ್ನು ನೆನೆಯದ ಲೋಕ ಬಾಡಿಗೆಯಿಲ್ಲದೆ ವಾಸಿಸಿದವನ ಹೆಸರನ್ನು ಉಳಿಸಿಕೊಂಡಿತು. ಪ್ರಸಿದ್ಧವಾದ ದುರ್ಗದ ಗುಡಿಯ ಸಂಗತಿಯೂ ಇಂಥದೇ. ಅದು ದುರ್ಗೆಯ ಗುಡಿಯಲ್ಲ. ಬಳಿಯಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ, ಬಂದ ಹೆಸರು.

ಇಪ್ಪತ್ತನೆಯ ಶತಮಾನದಲ್ಲಿ ಪುರಾತತ್ವ ಇಲಾಖೆ ಈ ಗುಡಿಗಳನ್ನು ವಹಿಸಿಕೊಂಡು, ಒಕ್ಕಲುಗಳನ್ನು ತೆರವು ಮಾಡಿ, ಸುತ್ತ ಹಸುರು ಹುಲ್ಲು ಬೆಳೆಸಿತು. ಹಾಗೆ ಮಾಡದಿದ್ದರೆ ಅನೇಕ ಶಿಲ್ಪಗಳು ಹೊಗೆಯಲ್ಲಿ ಮಸಿಯಾಗಿ, ಕಂಬಗಳು ಕೊಟ್ಟಿಗೆಯ ಗೂಟಗಳಾಗಿ ನಾಶವಾಗುತ್ತಿದ್ದುವೆಂಬುದನ್ನು ಒಪ್ಪಲೇಬೇಕು. ಆದರೂ ಬೇಲಿಯೊಳಗಿನ ಹುಲ್ಲಿನ ಮೇಲೆ ನಿಂತಾಗ, ಇಲ್ಲಿಯ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನು ಕತ್ತರಿಸಿ ತೆಗೆದಂತೆ ನನಗೆ ತೋರುತ್ತದೆ. ಚಾಲುಕ್ಯರ ಅಧ್ಯಾಯ ಉಳಿಯಿತು. ಒಲೆ ಹೊತ್ತಿಸಿದವರ ಅಧ್ಯಾಯಕ್ಕೆ ಉಳಿದದ್ದು ಫಲಕದ ಮೇಲಿನ ಹೆಸರು ಮಾತ್ರ. ಲಾಡಖಾನನಾಗಲಿ ಹುಚ್ಚಿಮಲ್ಲಿಯಾಗಲಿ ಹೇಗೆ ಬದುಕಿದ್ದರೆಂದು ಕೇಳಿದರೆ ಹೇಳುವ ಫಲಕವಿಲ್ಲ. ಅಂದಹಾಗೆ, ಆ ಬೇಲಿಯೊಳಗೆ ನಾಯಿಗಳಿಗೆ ಪ್ರವೇಶವಿಲ್ಲ. ನನ್ನದು ಹೊರಗೆ ಚಹದಂಗಡಿಯ ಹತ್ತಿರ ಕಾದಿತು.

ಹುನಗುಂದವನ್ನು ನಾನು ಹೆಚ್ಚಾಗಿ ಹಾದುಹೋದದ್ದೇ ಹೊರತು ಅಲ್ಲಿ ತಂಗಿದ್ದು ಕಡಿಮೆ. ಶಾಸನಗಳು ಇದನ್ನು ಪೊನ್ನುಗುಂದ ಎನ್ನುತ್ತವೆ. ಪಕಾರ ಹಕಾರವಾಗಿ, ಹೊನ್ನು ಹುನವಾಗಿ, ಹೊನ್ನಿನ ನೆನಪು ಊರಿನ ಹೆಸರಿನಿಂದಲೇ ಸವೆದುಹೋಗಿದೆ. ಹೆಸರುಗಳು ಸವೆಯುವುದು ಹೀಗೆ. ಅದಕ್ಕೆ ನೂರಾರು ವರ್ಷ ಬೇಕಾಗುತ್ತದೆ, ಯಾರಿಗೂ ನೋವಾಗುವುದಿಲ್ಲ.

ಇಳಕಲ್ಲಿನ ಓಣಿಗಳನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಕೈಮಗ್ಗದ ಸದ್ದು ಒಂದು ಬಗೆ, ವಿದ್ಯುತ್ ಮಗ್ಗದ ಸದ್ದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಮನುಷ್ಯನ ಉಸಿರಾಟದ ಬಿಡುವು ಕೇಳಿಸುತ್ತದೆ, ಎರಡನೆಯದಕ್ಕೆ ಬಿಡುವೆಂಬುದಿಲ್ಲ. ಕುಣಿ ಮಗ್ಗದ ಮನೆಯಲ್ಲಿ ನೇಕಾರ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿರುವುದರಿಂದ, ಬಾಗಿಲಲ್ಲಿ ನಿಂತ ನನ್ನ ನಾಯಿಯ ಮುಖವೂ ಅವನ ಮುಖವೂ ಒಂದೇ ಮಟ್ಟಕ್ಕೆ ಬರುತ್ತವೆ. ಪರಿಚಯ ಬೆಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಇಳಕಲ್ಲಿನ ಸೀರೆಯ ಹೆಚ್ಚುಗಾರಿಕೆ ಇರುವುದು ಅದರ ಕೊಂಡಿಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ಕೆಂಪು ರೇಷ್ಮೆಯದು. ನೇಯುವ ಮೊದಲು ಈ ಎರಡು ಹಾಸುಗಳ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆಗಳ ಈ ಕೆಲಸವನ್ನು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳೇ ಮಾಡುತ್ತಾರೆ. ಹೀಗೆ ಕೂಡಿಸಿದ ಹಾಸಿನಿಂದ ಬರುವುದು ಒಂದೇ ಸೀರೆ. ಇನ್ನೊಂದಕ್ಕೆ ಮತ್ತೆ ಕೊಂಡಿ ಹಾಕಬೇಕು. ಟೋಪ ತೆನಿಯ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಗೋಪುರಗಳಂತೆ ಏಳುವ ಹಲ್ಲುಗಳನ್ನು ಕಂಡು ಮೆಚ್ಚುವ ನಾವು, ಒಡಲು ಮುಗಿದು ಸೆರಗು ಮೊದಲಾಗುವ ಆ ಗೆರೆಯನ್ನು ನೋಡುವುದೇ ಇಲ್ಲ. ಆ ಗೆರೆಯ ಮೇಲೆಯೇ ಎಷ್ಟೋ ಮನೆಗಳ ಸಂಜೆಗಳು ಕಳೆದಿವೆ.

ಇಲ್ಲಿಯ ಓಣಿಗಳಲ್ಲಿ ನಡೆದಾಡಿದ ಒಬ್ಬ ಹಿರಿಯರನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಾಕಿಕೊಂಡು ಬೀದಿಗೆ ಇಳಿದರು. ಕೇಳಿದ್ದು ಕಾಳನ್ನಲ್ಲ, ಕಾಸನ್ನಲ್ಲ. ಕುಡಿತ, ತಂಬಾಕುಗಳಂಥ ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಕೇಳಿದರು. ಸ್ವಾಮಿಗಳು ಅಗಲಿದ್ದು 2018ರಲ್ಲಿ. ಊರ ಚರಿತ್ರೆಯನ್ನು ಬರೆಯುವವರು ಮಠದ ಕಟ್ಟಡವನ್ನು ವರ್ಣಿಸುತ್ತಾರೆ. ಆ ಜೋಳಿಗೆ ಯಾವ ಯಾವ ಓಣಿಗೆ ಹೋಯಿತು, ಯಾವ ಮನೆಯ ಕಟ್ಟೆಯ ಮೇಲೆ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಆಯಾ ಮನೆಯ ಹೆಂಗಸರು ಮಾತ್ರ ಬಲ್ಲರು.

ಇನ್ನು ನಾನಿರುವ ಬಾಗಲಕೋಟೆಯ ಮಾತು. ಉಳಿದ ಊರುಗಳಲ್ಲಿ ಓಣಿಯ ಚರಿತ್ರೆಯನ್ನು ಹುಡುಕುವುದು ಬಿಡುವಿನ ಹವ್ಯಾಸ, ಇಲ್ಲಿ ಹಾಗಲ್ಲ.

ಘಟಪ್ರಭೆಯ ದಂಡೆಯ ಈ ಊರು ರಾವಣನ ವಾಜಂತ್ರಿಯವರಿಗೆ ಉಂಬಳಿಯಾಗಿ ಬಂದದ್ದೆಂದು ಒಂದು ಕಥೆ. ಶಾಸನಗಳಲ್ಲಿ ಬಾಗಡಗೆ ಎಂಬ ಹೆಸರಿದೆ. ಸವಣೂರಿನ ನವಾಬರು, ಪೇಶ್ವೆಯವರು, ಹೈದರಲಿ ಎಲ್ಲರ ಕೈ ದಾಟಿ 1818ರಲ್ಲಿ ಮನ್ರೋನ ಸೇನೆಗೆ ಊರು ವಶವಾಯಿತು. ಇದು ರಾಜರ ಚರಿತ್ರೆ. ಜನರ ಚರಿತ್ರೆ ಇದ್ದದ್ದು ಐದು ಹೆಸರುಗಳಲ್ಲಿ: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಒಂದೊಂದು ಹೆಸರೂ ಒಂದೊಂದು ಸಂಗತಿಯನ್ನು ಹೇಳುತ್ತದೆ. ಕೋಟೆ ಎಲ್ಲಿತ್ತು, ಮೊದಲ ಅಂಗಡಿಸಾಲು ಯಾವುದು, ಊರು ಬೆಳೆದಾಗ ಎತ್ತ ಚಾಚಿತು, ಯಾವ ಸಮುದಾಯ ಎಲ್ಲಿ ನೆಲೆಯಾಯಿತು ಎಂಬುದೆಲ್ಲ ಆ ಐದು ಹೆಸರನ್ನು ಹೇಳಿದರೆ ಅರ್ಧ ತಿಳಿಯುತ್ತದೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಕೆಲಸ ದಶಕಗಳ ಕಾಲ ಕುಂಟುತ್ತ ಸಾಗಿತು. ನೀರು ನಿಂತಾಗ ಅದು ಕೃಷ್ಣೆಯಲ್ಲಷ್ಟೇ ನಿಲ್ಲದೆ ಅವಳನ್ನು ಸೇರುವ ಘಟಪ್ರಭೆಯಲ್ಲಿಯೂ ಹಿಂದಕ್ಕೇರಿ ಬಾಗಲಕೋಟೆಯ ಪೇಟೆಗಳನ್ನು ಮುಟ್ಟುವುದೆಂಬುದು ಮೊದಲಿನಿಂದಲೂ ಗೊತ್ತಿದ್ದ ಸಂಗತಿ. ಊರನ್ನು ಸ್ಥಳಾಂತರಿಸಲು ನಗರಾಭಿವೃದ್ಧಿ ಪ್ರಾಧಿಕಾರವೊಂದು ಹುಟ್ಟಿತು. 1980ರ ದಶ­ಕದಲ್ಲಿ ಹೊಸ ಊರಿನ ಯೋಜನೆಗೆ ಚಾರ್ಲ್ಸ್ ಕೊರಿಯಾರಂಥ ಹೆಸರಾಂತ ವಾಸ್ತುಶಿಲ್ಪಿ ಕೈಹಚ್ಚಿದರು. ಹಳೆಯ ಊರಿನಿಂದ ಕೆಲವು ಕಿಲೋಮೀಟರು ದೂರದ ಎತ್ತರದ ನೆಲದಲ್ಲಿ ನವನಗರ ಎದ್ದಿತು. 1997ರ ಆಗಸ್ಟ್ 15ರಂದು ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯ ಪಟ್ಟವೂ ದೊರೆಯಿತು. ಕಚೇರಿಗಳು ಬಂದವು. ಅಗಲವಾದ ರಸ್ತೆಗಳು, ಗಾಳಿಬೆಳಕಿನ ಮನೆಗಳು, ಗಿಡಮರಗಳು ಎಲ್ಲವೂ ಇವೆ. ಹಳೆಯ ಊರಿನ ಇಕ್ಕಟ್ಟನ್ನೂ ಚರಂಡಿಯನ್ನೂ ಕಂಡವರು ನವನಗರವನ್ನು ಹಳಿಯಲಾರರು. ಲಕ್ಷಾಂತರ ಎಕರೆಗೆ ನೀರುಣಿಸುವ ಯೋಜನೆಯೊಂದಕ್ಕಾಗಿ ಒಂದು ಊರು ಜಾಗ ಬಿಟ್ಟುಕೊಟ್ಟಿತು. ಅದನ್ನು ನಾನು ಅನ್ಯಾಯವೆಂದು ಕೂಗಿ ಹೇಳುವುದಿಲ್ಲ. ನನ್ನ ಆಕ್ಷೇಪಣೆ ಬಹಳ ಸಣ್ಣದು. ಅದು ಹೆಸರನ್ನು ಕುರಿತದ್ದು.

ನವನಗರದಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ. ಅವಕ್ಕೆ ಹೆಸರುಗಳಿಲ್ಲ, ಅಂಕೆಗಳಿವೆ. ಹಳೆಯ ಊರಿನಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ನಾಲ್ಕು ಮನೆಯವರು ನಾಲ್ಕು ಅಂಕೆಗಳಿಗೆ ಚದುರಿಹೋದರು. ಪೊನ್ನುಗುಂದ ಹುನಗುಂದವಾಗಲು ಶತಮಾನಗಳು ಬೇಕಾದುವು. ಇಲ್ಲಿ ಪೇಟೆ ಅಂಕೆಯಾಗಲು ಒಂದು ತಲೆಮಾರು ಸಾಕಾಯಿತು. ಸಂಜೆ ನಾಯಿಯೊಡನೆ ಅಲ್ಲಿ ತಿರುಗುವಾಗ ಒಂದು ವಿಶೇಷವನ್ನು ನಾನು ಗಮನಿಸಿದ್ದೇನೆ. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ವೃದ್ಧರು ಹೊಸಬರನ್ನು ‘ಯಾವ ಸೆಕ್ಟರು?’ ಎಂದು ಕೇಳುವುದಿಲ್ಲ. ‘ನೀವು ಊರಾಗ ಎಲ್ಲಿಯವರ್ರಿ?’ ಎಂದು ಕೇಳುತ್ತಾರೆ. ‘ಊರು’ ಎಂದರೆ ಅವರಿಗೆ ಇಂದಿಗೂ ಆ ಹಳೆಯ ಊರೇ. ಉತ್ತರ ಹೇಳಿದೊಡನೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ: ಬಾವಿಯ ಈಚೆಗೋ ಆಚೆಗೋ, ಮಠದ ಸಂದಿಯೋ, ಗರಡಿಮನೆಯ ಹಿಂದೋ. ನೀರಿನಂಚಿನಲ್ಲಿ ಹಾಳಾದ ನಕ್ಷೆಯೊಂದನ್ನು ಅವರು ಅಲ್ಲಿಯೇ ಕುಳಿತು ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸುತ್ತಾರೆ. ನಾಯಿ ಬಂದು ಅದರ ಮೇಲೆ ಮಲಗುತ್ತದೆ. ಗದರಿಸಿ ಎಬ್ಬಿಸಿ ಮತ್ತೆ ಗೀಚುತ್ತಾರೆ.

ಹಳೆಯ ಊರು ಪೂರ್ತಿ ಮುಳುಗಿಲ್ಲವೆಂಬುದನ್ನೂ ಹೇಳಬೇಕು. ಎತ್ತರದ ಭಾಗಗಳಲ್ಲಿ ಅಂಗಡಿ ಮುಂಗಟ್ಟುಗಳು ಇಂದಿಗೂ ವ್ಯಾಪಾರ ನಡೆಸುತ್ತವೆ. ತಗ್ಗಿನ ಓಣಿಗಳ ಕಡೆ ಹೋದರೆ ಮಾತ್ರ ಮನೆಗಳ ಸಾಲು ಥಟ್ಟನೆ ಮುಗಿದು, ಮುಂದೆ ಜಾಲಿಯ ಪೊದೆ, ಅದರಾಚೆ ಹಿನ್ನೀರು. ನೀರು ಇಳಿದ ದಿನಗಳಲ್ಲಿ ಮನೆಗಳ ಅಡಿಪಾಯದ ಕಲ್ಲುಗಳು ಕಾಣುತ್ತವೆ. ಹೊಸ್ತಿಲಿದ್ದ ಕಡೆಗೆ ಕಲ್ಲು ನಡುವೆ ಸವೆದಿರುತ್ತದೆ. ನಾಯಿ ಅಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಗೋಡೆಗಳಿಲ್ಲದಿದ್ದರೂ ಬಾಗಿಲಿದ್ದ ಎಡೆಯಿಂದಲೇ ದಾಟುತ್ತದೆ. ಕಲ್ಲಿನ ಸಾಲನ್ನು ಹಾರುವುದಕ್ಕಿಂತ ಅದು ಸುಲಭವಿರಬೇಕು.

ಊರನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವಾಗ ಪ್ರತಿಯೊಂದು ಮನೆಯನ್ನೂ ಅಳೆದು ಬರೆದರು. ಸಿಟಿ ಸರ್ವೆಯ ಅಂಕೆ, ಅಂಕಣಗಳೆಷ್ಟು, ಗೋಡೆ ಕಲ್ಲಿನದೋ ಮಣ್ಣಿನದೋ, ತೊಲೆ ಸಾಗುವಾನಿಯೋ ಬೇವೋ, ಹಿತ್ತಲಲ್ಲಿ ಬಾವಿಯಿದೆಯೋ, ಮರಗಳೆಷ್ಟು ಎಂಬುದೆಲ್ಲ ಪರಿಹಾರದ ಬೆಲೆ ಕಟ್ಟಲು ಬೇಕಾದ ವಿವರ. ಯಾವ ಗೆಜೆಟಿಯರೂ ಯಾವ ಊರಿನ ಚರಿತ್ರೆಕಾರನೂ ಓಣಿಯೊಂದನ್ನು ಇಷ್ಟು ಸೂಕ್ಷ್ಮವಾಗಿ ದಾಖಲೆ ಮಾಡಿದ್ದಿಲ್ಲ. ಊರನ್ನು ತೆರವು ಮಾಡಲೆಂದು ಬರೆದ ಕಾಗದಗಳಲ್ಲಿಯೇ ಆ ಊರಿನ ಅತ್ಯಂತ ಪೂರ್ಣವಾದ ವರ್ಣನೆ ಅಡಗಿದೆ. ಆ ಕಡತಗಳು ಪರಿಹಾರದ ವ್ಯಾಜ್ಯಗಳಿಗಷ್ಟೇ ಹೊರಬಂದು ಮತ್ತೆ ಗಂಟು ಸೇರದೆ, ಯಾರಾದರೂ ತರುಣ ವಿದ್ಯಾರ್ಥಿಯ ಕೈಗೆ ಬರಬೇಕು. ಒಂದು ಕೈಯಲ್ಲಿ ಆ ಅಳತೆಯ ಪಟ್ಟಿ, ಇನ್ನೊಂದು ಕಡೆಗೆ ನೆಲದ ಮೇಲೆ ಕೋಲಿನಿಂದ ಗೀಚಬಲ್ಲ ವೃದ್ಧರು. ಇವೆರಡೂ ಒಂದೆಡೆ ಕೂಡುವ ಕಾಲ ಇನ್ನು ಬಹಳ ವರ್ಷ ಉಳಿದಿಲ್ಲ. ಕಡತಗಳು ಕಾಯ್ದಾವು, ವೃದ್ಧರು ಕಾಯಲಾರರು.

ಐದು ಹೆಸರುಗಳು ಮಾತ್ರ ಇದಾವುದನ್ನೂ ಕಾಯದೆ ತಮ್ಮ ದಾರಿಯನ್ನು ತಾವೇ ಕಂಡುಕೊಂಡಿವೆ. ಬಾಗಲಕೋಟೆಯ ಹೋಳಿಯ ಹೆಸರನ್ನು ಕೇಳದವರಿಲ್ಲ. ದಿನಗಟ್ಟಲೆ ಹಲಗಿಯ ಮಜಲು, ಸೋಗಿನ ಬಂಡಿ, ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿಕೊಂಡು ಎದುರುಬದುರಾಗುವ ಬಂಡಿಗಳು. ಈ ಬಣ್ಣದಾಟವನ್ನು ಇಂದಿಗೂ ಆಡುವುದು ಪೇಟೆಗಳ ಹೆಸರಿನಲ್ಲಿ, ಸೆಕ್ಟರುಗಳ ಹೆಸರಿನಲ್ಲಲ್ಲ. ಹೋಳಿಗೆ ಕೆಲವು ದಿನ ಮೊದಲು ನವನಗರದ ರಸ್ತೆಯ ಬದಿಯಲ್ಲಿ ಹುಡುಗನೊಬ್ಬ ಬೆಂಕಿಗೆ ಹಿಡಿದು ಹಲಗಿಯನ್ನು ಬಿಸಿ ಮಾಡುತ್ತಿದ್ದ. ಸದ್ದಿಗೆ ನಾಯಿ ಬೆದರಿ ನನ್ನ ಕಾಲಿಗೆ ಸುತ್ತಿಕೊಂಡಿತು. ವಯಸ್ಸು ನೋಡಿದರೆ ಆತ ಹುಟ್ಟುವ ಹೊತ್ತಿಗೆ ತಗ್ಗಿನ ಓಣಿಗಳು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು. ಮನೆ ಎಲ್ಲಿ ಎಂದು ಕೇಳಿದೆ. ಎದುರಿನ ಸೆಕ್ಟರಿನ ಕಡೆ ಕೈ ತೋರಿಸಿದ. ನಿಮ್ಮ ಹಲಗಿ ಯಾವುದಪ್ಪ ಎಂದು ಕೇಳಿದೆ. ‘ನಮ್ದು ಹಳಪ್ಯಾಟಿರಿ’ ಎಂದು ಹೇಳಿ, ಚರ್ಮ ಕಾಯಿತೋ ಇಲ್ಲವೋ ಎಂದು ಬೆರಳಿನಿಂದ ಬಡಿದು ನೋಡಿದ.